ಸೊನ್ನೆಯ ಎಕ್ಸಿಟ್‌ನಲ್ಲಿ ನಾಲ್ಕು ದಿನ

ಮೊದಲನೆಯ ದಿನ, ಸೋಮವಾರ

ಜನವರಿಯ ಕೊನೆಯ ವಾರದಲ್ಲಿ ಕಡಲ ತೀರಕ್ಕೆ ಹೊರಟಿದ್ದೇವೆ ಎಂದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ನಾವಿರುವ ಎಡಿಸನ್ ಊರಿನ ಬಳಗದವರೆಲ್ಲ ಒಂದೇ ಪ್ರಶ್ನೆ ಕೇಳಿದರು: ಈ ಚಳಿಯಲ್ಲಿ ಅಲ್ಲಿ ಏನಿರುತ್ತದೆ? ನ್ಯೂಜೆರ್ಸಿಯಲ್ಲಿ ಕಡಲೆಂದರೆ ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಮಾತು. ಉಳಿದ ದಿನಗಳಲ್ಲಿ ಅದು ನಕಾಶೆಯಲ್ಲಿ ಇದ್ದೂ ಇಲ್ಲದಂತೆ. ಆದರೆ ಅಕ್ಟೋಬರ್‌ನಲ್ಲಿ ಊರಿನಿಂದ ಬಂದ ಅಮ್ಮ ಅಲ್ಲಿಯವರೆಗೆ ಕಂಡದ್ದು ಓಕ್ ಟ್ರೀ ರಸ್ತೆಯ ಅಂಗಡಿಗಳು, ಬ್ರಿಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ, ಮತ್ತು ಕಿಟಕಿಯಾಚೆಯ ಹಿಮ, ಇಷ್ಟೇ. ಮರವಂತೆಯ ಹತ್ತಿರ, ಕಡಲ ಕರೆಯಿಂದ ಕೂಗಳತೆಯ ಮನೆಯಲ್ಲಿ, ಅರವತ್ತೆಂಟು ವರ್ಷ ಅಲೆಯ ಸದ್ದು ಕೇಳಿಕೊಂಡೇ ಮಲಗಿದವಳು ಅವಳು. “ಇಲ್ಲಿ ರಾತ್ರಿ ಎಂತದೂ ಕೇಂತಿಲ್ಲ ಮಗಾ, ಕಿವಿ ಕಟ್ಟಿದಂಗೆ ಆತ್ತ್” ಎಂದು ಒಂದು ಬೆಳಿಗ್ಗೆ ಕಾಫಿ ಸೋಸುತ್ತ ಅಂದಳು. ಅಂದು ಸಂಜೆಯೇ ನಾನು ಕೇಪ್ ಮೇ ಊರಿನಲ್ಲಿ ಮೂರು ರಾತ್ರಿಗೆ ಕೋಣೆ ಗೊತ್ತುಮಾಡಿದೆ. ನನ್ನವರಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ ಹೊರಟೆವು.

ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಎಂಬ ಹೆದ್ದಾರಿಯ ಎಕ್ಸಿಟ್‌ಗಳ, ಅಂದರೆ ಹೊರದಾರಿಗಳ, ಸಂಖ್ಯೆ ಅದರ ಮೈಲಿಗಲ್ಲನ್ನೇ ಅನುಸರಿಸುತ್ತದೆ. ಎಡಿಸನ್ನಿನ ಬಳಿ 130ರ ಆಸುಪಾಸಿನಲ್ಲಿರುವ ಅಂಕಿ ದಕ್ಷಿಣಕ್ಕೆ ಹೋದಂತೆ ಇಳಿಯುತ್ತ ಬರುತ್ತದೆ. ರಸ್ತೆ ಮುಗಿಯುವಲ್ಲಿ ‘ಎಕ್ಸಿಟ್ ಸೊನ್ನೆ’ ಎಂಬ ಹಲಗೆಯಿದೆ. ಅದೇ ಕೇಪ್ ಮೇ. ಜುಲೈನ ಶುಕ್ರವಾರ ಸಂಜೆಗಳಲ್ಲಿ ಇದೇ ದಾರಿಯಲ್ಲಿ ಗಂಟೆಗಟ್ಟಲೆ ವಾಹನಗಳ ಸಾಲಿನಲ್ಲಿ ನಿಂತ ಅನುಭವ ನನಗಿದೆ. ಈ ಸಲ ಪೈನ್ ಕಾಡಿನ ನಡುವೆ ಕೆಲವೊಮ್ಮೆ ಹಿಂದೆ ಮುಂದೆ ಒಂದೂ ಕಾರಿಲ್ಲದೆ, ಎರಡೂಕಾಲು ಗಂಟೆಯಲ್ಲಿ ತಲುಪಿದೆವು. ಅಮ್ಮ ದಾರಿಯುದ್ದಕ್ಕೂ ಎಕ್ಸಿಟ್‌ಗಳನ್ನು ಎಣಿಸುತ್ತಿದ್ದಳು, ಅಟ್ಲಾಂಟಿಕ್ ಸಿಟಿಯ 38 ದಾಟಿದ ಮೇಲೆ ಇನ್ನು ಮಲಗಿದರೆ ಸೊನ್ನೆ ತಪ್ಪಿಹೋದೀತೆಂದು ಎದ್ದು ನೆಟ್ಟಗೆ ಕುಳಿತಳು.

ನ್ಯೂಜೆರ್ಸಿಯ ದಕ್ಷಿಣದ ತುತ್ತತುದಿಯಲ್ಲಿರುವ ಈ ಊರಿಗೆ ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಡೆಲವೇರ್ ಕೊಲ್ಲಿ. 1620ರ ದಶಕದಲ್ಲಿ ಈ ತೀರದಲ್ಲಿ ಓಡಾಡಿದ ಡಚ್ ಕಪ್ತಾನ ಕಾರ್ನೀಲಿಯಸ್ ಮೇ ಅದಕ್ಕೆ ಹೆಸರು ಕೊಟ್ಟವನು. 2020ರ ಜನಗಣತಿಯ ಪ್ರಕಾರ ಇಲ್ಲಿನ ಖಾಯಂ ನಿವಾಸಿಗಳು 2,768 ಮಂದಿ. ಬೇಸಿಗೆಯಲ್ಲಿ ಇದರ ಹತ್ತಾರು ಪಟ್ಟು ಜನ ಬಂದು ತುಂಬಿಕೊಳ್ಳುತ್ತಾರೆ. ನಾವು ಇಳಿದಾಗ ಆ 2,768 ಮಂದಿಯಲ್ಲಿ ಮೂವರು ಕಂಡರು, ಒಂದು ನಾಯಿಯೂ ಸೇರಿದರೆ ನಾಲ್ಕು. ಕೆಲವು ಸಿಗ್ನಲ್ ದೀಪಗಳು ಕೆಂಪು ಹಸಿರಿನ ಗೊಡವೆಯನ್ನೇ ಬಿಟ್ಟು ಬರೀ ಹಳದಿಯನ್ನು ಮಿಣುಕಿಸುತ್ತಿದ್ದವು. ಪಾರ್ಕಿಂಗ್ ಮೀಟರಿಗೆ ಕಾಸು ಹಾಕುವ ಅಗತ್ಯವಿರಲಿಲ್ಲ. ಬೇಸಿಗೆಯಲ್ಲಿ ಇಲ್ಲಿ ಮರಳಿನ ಮೇಲೆ ಕಾಲಿಡುವುದಕ್ಕೂ ದುಡ್ಡು ಕೊಟ್ಟು ‘ಬೀಚ್ ಟ್ಯಾಗ್’ ಎಂಬ ಬಿಲ್ಲೆಯನ್ನು ಕೊಳ್ಳಬೇಕು. ಚಳಿಗಾಲದಲ್ಲಿ ಅದನ್ನು ಕೇಳುವವರೇ ಇಲ್ಲ. ಕಡಲಿಗೂ ಟಿಕೇಟೇ ಎಂದು ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ನಾವು ಹಿಡಿದ ಕೋಣೆಯ ಬಾಡಿಗೆ ಜುಲೈನಲ್ಲಿ ಕೇಳುವುದರ ಮೂರನೇ ಒಂದು ಪಾಲಿನಷ್ಟಿತ್ತು. ಒಲೆ, ಚಿಕ್ಕ ಫ್ರಿಜ್, ಕಡಲ ಕಡೆಗೆ ಕಿಟಕಿ, ಎಲ್ಲವೂ ಇದ್ದವು. ಹೀಟರ್ ಮಾತ್ರ ರಾತ್ರಿ ಒಂಬತ್ತಕ್ಕೆ ಗುರುಗುಟ್ಟಿ ತಣ್ಣನೆಯ ಗಾಳಿ ಊದತೊಡಗಿತು. ಕಚೇರಿಯ ಬಾಗಿಲು ಐದಕ್ಕೇ ಮುಚ್ಚಿತ್ತು, ಗೋಡೆಯ ಮೇಲೆ ಬರೆದಿದ್ದ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಕಡಿಮೆ ಬಾಡಿಗೆಯ ಲೆಕ್ಕ ಎಲ್ಲೋ ಒಂದು ಕಡೆ ಸರಿಹೋಗಲೇಬೇಕಲ್ಲ. ಎಡಿಸನ್ನಿನಿಂದ ತಂದಿದ್ದ ಕುಚ್ಚಲಕ್ಕಿಯಲ್ಲಿ ಅಮ್ಮ ಗಂಜಿ ಬೇಯಿಸಿದಳು. ಒಲೆಯ ಬಿಸಿಗೆ ಕೋಣೆಯೂ ಒಂದಿಷ್ಟು ಬೆಚ್ಚಗಾಯಿತು. ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಂಡು, ಕೋಟು ಟೋಪಿ ಸಮೇತ ಎರಡೆರಡು ಕಂಬಳಿಯೊಳಗೆ ಸೇರಿಕೊಂಡೆವು. ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡು ಎಂದು ಅಮ್ಮ ಹೇಳಿದಾಗ ನನಗೆ ಸಿಟ್ಟೇ ಬಂತು. ತೆರೆದೆ. ಅಲೆಯ ಸದ್ದು ಒಳಗೆ ಬಂತು, ಐದು ನಿಮಿಷದಲ್ಲಿ ಅವಳ ಗೊರಕೆಯೂ ಕೇಳಿಸಿತು.

ಎರಡನೆಯ ದಿನ, ಮಂಗಳವಾರ

ಏಳು ಗಂಟೆಗೆ ಮುಂಚೆಯೇ ತೀರಕ್ಕೆ ನಡೆದೆವು. ಫೋನು ಮೈನಸ್ ನಾಲ್ಕು ಡಿಗ್ರಿ ಎನ್ನುತ್ತಿತ್ತು. ರಾತ್ರಿಯ ಉಬ್ಬರ ತಲುಪಿದ ಗೆರೆಯವರೆಗೆ ಒದ್ದೆಯಾಗಿ ಹೆಪ್ಪುಗಟ್ಟಿದ್ದ ಮರಳು ಕಾಲಿಟ್ಟಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಅದರಾಚೆ ನೀರು ಮುಟ್ಟಿ ಹೋಗುತ್ತಿದ್ದ ಮರಳು ಮಾತ್ರ ಮೆತ್ತಗಿತ್ತು. ಆ ಮೆತ್ತನೆಯ ಪಟ್ಟಿಯಲ್ಲಿ ಇಪ್ಪತ್ತು ಮೂವತ್ತು ಬಿಳಿಯ ಪುಟ್ಟ ಹಕ್ಕಿಗಳು ಹಿಂದೆ ಸರಿವ ಅಲೆಯನ್ನು ಅಟ್ಟಿಸಿಕೊಂಡು ಹೋಗಿ, ಮರಳಿಗೆ ಕೊಕ್ಕು ಚುಚ್ಚಿ, ಮುಂದಿನ ಅಲೆ ಬರುವಷ್ಟರಲ್ಲಿ ಕಾಲು ಕಾಣದ ವೇಗದಲ್ಲಿ ತಿರುಗಿ ಓಡಿ ಬರುತ್ತಿದ್ದವು. ಇವುಗಳ ಹೆಸರು ಸ್ಯಾಂಡರ್ಲಿಂಗ್. ಉತ್ತರ ಧ್ರುವದ ಬಯಲುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಜಗತ್ತಿನ ಮರಳ ತೀರಗಳಿಗೆಲ್ಲ ಚದುರಿಹೋಗುವ ಈ ಹಕ್ಕಿಗಳು ನಮ್ಮ ಪಶ್ಚಿಮ ಕರಾವಳಿಗೂ ಬರುತ್ತವೆ. ಅಮ್ಮ ಅವುಗಳನ್ನು ಗುರುತಿಸಿದಳು, ಹೆಸರಿನಿಂದಲ್ಲ, ಓಟದಿಂದ. ಅಲೆ ಬಂದಾಗ ಕಾಲು ಒದ್ದೆಯಾಗದಂತೆ ಓಡುವ ಮಕ್ಕಳ ಹಾಗೆ ಎಂದಳು.

ಆಮೇಲೆ ಸೂರ್ಯ ಬಂದ. ನೀರಿನ ಅಂಚಿನಲ್ಲಿ ಮೊದಲು ಕುಂಕುಮದಂಥ ಒಂದು ಗೆರೆ, ನಂತರ ಎರಡೂ ಬದಿಯಿಂದ ಅದುಮಿದಂತೆ ಚಪ್ಪಟೆಯಾದ ಒಂದು ತುಂಡು, ಕೊನೆಗೆ ಅಂಚನ್ನು ಬಿಡಲೊಲ್ಲದೆ ಜಗ್ಗಿಕೊಂಡು ಬಿಡಿಸಿಕೊಂಡ ಇಡೀ ಬಿಂಬ. ಅಮ್ಮ ಕೈಗವಸು ತೆಗೆದು ಕೈ ಮುಗಿದಳು. ಅವಳ ಮುಖ ನೋಡಿದ ಮೇಲೆ ನನಗೆ ಹೊಳೆಯಿತು: ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದ ಇವಳ ಪಾಲಿಗೆ ಸೂರ್ಯ ಹುಟ್ಟುವುದು ಕೊಡಚಾದ್ರಿಯ ಕಡೆಯ ಬೆಟ್ಟಗಳ ಹಿಂದಿನಿಂದ. “ಕಡಲಲ್ಲಿ ಹೊತ್ತು ಕಂತುದನ್ನ್ ಕಂಡದ್ದೇ ಹೌದು ಮಗಾ, ಏಳುದನ್ನ್ ಕಂಡದ್ದ್ ಇವತ್ತೇ” ಎಂದಳು. ಅಷ್ಟು ಉದ್ದದ ತೀರದಲ್ಲಿ ಅದನ್ನು ನೋಡುತ್ತಿದ್ದವರು ನಾವಿಬ್ಬರೇ, ದೂರದಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಒಬ್ಬರನ್ನು ಬಿಟ್ಟರೆ.

ಕೋಣೆಗೆ ಮರಳಿದಾಗ ಹೀಟರ್ ರಿಪೇರಿಯವನು ಬಂದಿದ್ದ. ಚಳಿಗಾಲವೇ ತನಗೆ ಬಿಡುವಿಲ್ಲದ ಕಾಲ, ಬೇಸಿಗೆಯಲ್ಲಿ ಮುರಿದದ್ದನ್ನೆಲ್ಲ ಈಗ ಸರಿಮಾಡಬೇಕು ಎಂದು ಮಂಡಿಯೂರಿ ತಿರುಪು ಬಿಚ್ಚುತ್ತಲೇ ಹೇಳಿದ. ಆ ಮಾತಿನ ಅರ್ಥ ಹಗಲು ಊರು ಸುತ್ತುವಾಗ ತಿಳಿಯಿತು. ಖಾಲಿ ಎಂದು ನಾವು ತಿಳಿದಿದ್ದ ಬೀದಿಗಳಲ್ಲಿ ಮೂರು ಮನೆಗೆ ಒಂದರಂತೆ ಬಡಗಿಗಳ ಪಿಕಪ್ ವಾಹನಗಳು ನಿಂತಿದ್ದವು. ಒಂದು ಮನೆಯ ಜಗಲಿಯ ಹಲಗೆಗಳನ್ನೆಲ್ಲ ಎಬ್ಬಿಸಿ ಅಡಿಯ ತೊಲೆಗಳನ್ನು ಬದಲಿಸುತ್ತಿದ್ದರು. ಇನ್ನೊಂದರ ಅಂಗಳದಲ್ಲಿ ಮಾಡಿನ ಅಂಚಿಗೆ ಜೋಡಿಸುವ ಮರದ ಜಾಲರಿಯ ತುಂಡುಗಳು ಬಿದ್ದಿದ್ದವು. ಹಳೆಯ ತುಂಡೊಂದನ್ನು ಕೈಗೆತ್ತಿಕೊಂಡು ನೋಡಿದೆ. ಹೊರಗಿನಿಂದ ತಿಳಿಗುಲಾಬಿ, ಬಣ್ಣ ಎದ್ದ ಕಡೆ ಅದರ ಕೆಳಗೆ ಹಸಿರು, ಅದರಡಿಯಲ್ಲಿ ಬಿಳಿ, ಮೂಲೆಯಲ್ಲಿ ಉಪ್ಪುಗಾಳಿ ತಿಂದು ಬೆಂಡಿನಂತಾದ ಮರ. ಅದನ್ನೇ ಅಚ್ಚಾಗಿಟ್ಟು ಹೊಸ ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ ಮುದುಕ ನನ್ನನ್ನು ನೋಡಿ ನಕ್ಕ. ನಮ್ಮೂರಿನಲ್ಲಿ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ 61 ದಿನಗಳಲ್ಲಿ ದೋಣಿಗಳನ್ನು ಮೇಲಕ್ಕೆಳೆದು, ಬಲೆಯ ಹರಕುಗಳನ್ನು ಹೆಣೆಯುತ್ತ ಕೂರುವವರ ಮುಖದಲ್ಲೂ ಇದೇ ಬಗೆಯ ನಿಧಾನ ಇರುತ್ತದೆ.

ಈ ಮನೆಗಳು ಇಲ್ಲಿ ಇಷ್ಟು ಒತ್ತಾಗಿ ಉಳಿದದ್ದರ ಹಿಂದೆಯೂ ಒಂದು ಚಳಿಯ ಕಾಲವಿದೆ. 1878ರ ನವೆಂಬರ್ 9ರಂದು, ಬೇಸಿಗೆಯ ಅತಿಥಿಗಳೆಲ್ಲ ಹೋಗಿ ಹೋಟೆಲುಗಳು ಖಾಲಿ ಬಿದ್ದಿದ್ದಾಗ, ಓಷನ್ ಹೌಸ್ ಎಂಬ ಹೋಟೆಲಿನಲ್ಲಿ ಹತ್ತಿದ ಬೆಂಕಿ ಗಾಳಿಗೆ ಹರಡಿ ಊರಿನ ನಡುಭಾಗವನ್ನೇ ಸುಟ್ಟುಹಾಕಿತು. ದೊಡ್ಡ ಹೋಟೆಲುಗಳ ಜಾಗದಲ್ಲಿ ಹೆಚ್ಚಾಗಿ ಚಿಕ್ಕ ಚಿಕ್ಕ ಮರದ ಮನೆಗಳು ಎದ್ದವು. ಅಷ್ಟರಲ್ಲಿ ಫಿಲಡೆಲ್ಫಿಯದ ಜನ ರೈಲಿನಲ್ಲಿ ಬೇಗ ತಲುಪಬಹುದಾಗಿದ್ದ ಅಟ್ಲಾಂಟಿಕ್ ಸಿಟಿಗೆ ಒಲಿದರು. ಕೇಪ್ ಮೇಗೆ ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ಹಣ ಬರಲಿಲ್ಲ. ಬಡತನ ಮನೆಗಳನ್ನು ಕಾಯಿತು ಎನ್ನಬಹುದು. 1960ರ ದಶಕದಲ್ಲಿ ಇವನ್ನು ಕೆಡವಿ ಮೋಟೆಲು ಕಟ್ಟುವ ಉತ್ಸಾಹ ಹುಟ್ಟಿದಾಗ ಉಳಿಸಬೇಕೆನ್ನುವವರೂ ಹುಟ್ಟಿಕೊಂಡರು. 1976ರಲ್ಲಿ ಇಡೀ ಊರನ್ನೇ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು.

ಹಾಗೆ ಉಳಿದವುಗಳಲ್ಲಿ ಪ್ರಸಿದ್ಧವಾದದ್ದು 1879ರ ಎಮ್ಲೆನ್ ಫಿಸಿಕ್ ಎಸ್ಟೇಟ್. 1970ರಲ್ಲಿ ಇದು ನೆಲಸಮವಾಗುವುದನ್ನು ತಡೆಯಲೆಂದೇ ಊರವರು ಕಟ್ಟಿದ ಸಂಸ್ಥೆ ಇವತ್ತಿಗೂ ಇದನ್ನು ನೋಡಿಕೊಳ್ಳುತ್ತಿದೆ. ನಾವು ಹೊರಗಿನಿಂದಲೇ ನೋಡಿದೆವು. ಮನೆಯ ಒಡೆಯ ವೈದ್ಯಕೀಯ ಓದಿಯೂ ಒಂದು ದಿನ ವೈದ್ಯಗಿರಿ ಮಾಡಲಿಲ್ಲ, ಮದುವೆಯಾಗದೆ ತಾಯಿ ಮತ್ತು ಚಿಕ್ಕಮ್ಮನ ಜೊತೆ ಇಲ್ಲಿ ಬಾಳಿದ ಎಂದು ಅಮ್ಮನಿಗೆ ಹೇಳಿದೆ. “ಮದಿಯೂ ಆಯ್ಲಿಲ್ಯಾ?” ಎಂದು ಆ ತಲೆಕೆಳಗಾದಂಥ ದಪ್ಪ ಚಿಮಣಿಗಳನ್ನು ಬಹಳ ಹೊತ್ತು ನೋಡಿ, ತಾಯಿ ಜೋರಿದ್ದಿರಬೇಕು ಎಂದು ತೀರ್ಪು ಕೊಟ್ಟಳು.

ಸಂಜೆಯ ಚಹಾಕ್ಕೆ ಕಾಂಗ್ರೆಸ್ ಹಾಲ್ ಹೋಟೆಲಿಗೆ ಹೋದೆವು. 1816ರಲ್ಲಿ ಥಾಮಸ್ ಹ್ಯೂಸ್ ಎಂಬವನು ಇಲ್ಲಿ ಕಟ್ಟಿದ ದೊಡ್ಡ ವಸತಿಗೃಹವನ್ನು ನೋಡಿ ಊರವರು ಇದು ಟಾಮಿಯ ಹುಚ್ಚು ಎಂದು ನಕ್ಕಿದ್ದರಂತೆ. ಅವನು 1828ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾದಾಗ ಹೋಟೆಲಿಗೂ ಆ ಹೆಸರು ಬಂತು. 1878ರ ಬೆಂಕಿಯಲ್ಲಿ ಸುಟ್ಟದ್ದನ್ನು ಮರುವರ್ಷ ಇಟ್ಟಿಗೆಯಿಂದ ಕಟ್ಟಿದರು. 1891ರ ಬೇಸಿಗೆಯಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಇಲ್ಲಿಂದಲೇ ರಾಜ್ಯಭಾರ ಮಾಡಿದ. ಎತ್ತರದ ಕಂಬಗಳ ಹಳದಿ ಕಟ್ಟಡದ ಒಳಗೆ ಬೆಂಕಿಗೂಡಿನ ಮುಂದೆ ಕುಳಿತು, ಬೇಸಿಗೆಯಲ್ಲಾದರೆ ಕಾಲಿಡಲೂ ಹಿಂಜರಿಯುತ್ತಿದ್ದ ಕಡೆ, ಎರಡು ಚಹಾ ಹೇಳಿ ಒಂದೂವರೆ ಗಂಟೆ ಕಳೆದೆವು. ಯಾರೂ ಏಳಿ ಎನ್ನಲಿಲ್ಲ.

ಮೂರನೆಯ ದಿನ, ಬುಧವಾರ

ಊರಿನಿಂದ ಪಶ್ಚಿಮಕ್ಕೆ ಸನ್‌ಸೆಟ್ ಬುಲೆವಾರ್ಡ್ ರಸ್ತೆಯಲ್ಲಿ ಹೋದರೆ ಎಡಗಡೆಗೆ ಒಣಹುಲ್ಲಿನ ಬಯಲೊಂದು ಸಿಗುತ್ತದೆ. ನಡುವೆ ಸಣ್ಣ ಕೊಳಗಳು, ಆಚೆ ಮರಳ ದಿಬ್ಬ, ಅದರಾಚೆ ಕಡಲು. ಈಗ ಇದು ಹಕ್ಕಿಗಳ ರಕ್ಷಿತ ತಾಣ. ಆದರೆ ಒಂದು ಕಾಲದಲ್ಲಿ ಇದು ಒಂದು ಊರಾಗಿತ್ತು. 1894ರಲ್ಲಿ ಸೌತ್ ಕೇಪ್ ಮೇ ಎಂಬ ಹೆಸರಿನಲ್ಲಿ ಪುರಸಭೆಯಾದ ಇದರ ಬೀದಿಗಳನ್ನು ಕಡಲು ಒಂದೊಂದಾಗಿ ತೆಗೆದುಕೊಂಡಿತು. ಉಳಿದ ಮನೆಗಳಲ್ಲಿ ಕೆಲವನ್ನು ಬುಡಸಮೇತ ಎತ್ತಿ ಕೇಪ್ ಮೇಗೆ ಸಾಗಿಸಿದರು. 1945ರಲ್ಲಿ ಪುರಸಭೆಯನ್ನೇ ಮುಚ್ಚಿದರು. ಅದಕ್ಕೂ ಮುಂಚೆ, 1884ರಲ್ಲಿ, ನಿವೇಶನ ಕೊಳ್ಳುವವರನ್ನು ಸೆಳೆಯಲೆಂದು ಇಲ್ಲಿ ಮರ ಮತ್ತು ತಗಡಿನಿಂದ ದೊಡ್ಡದೊಂದು ಆನೆಯನ್ನು ಕಟ್ಟಿ ‘ಏಷ್ಯಾದ ಬೆಳಕು’ ಎಂದು ಹೆಸರಿಟ್ಟಿದ್ದರು. ಹೊಟ್ಟೆಯೊಳಗೆ ಮೆಟ್ಟಿಲು, ಬೆನ್ನ ಮೇಲೆ ಅಂಬಾರಿ. ನಿವೇಶನಗಳು ಮಾರಾಟವಾಗಲಿಲ್ಲ, 1900ರಲ್ಲಿ ಆನೆಯನ್ನು ಕೆಡವಿದರು. ಮೇಳಗಳಲ್ಲಿ ತಗಡಿನ ರಾಕ್ಷಸನ ಬಾಯಿಯೊಳಗೆ ನುಗ್ಗಿ ಬಂದ ನಮಗೆ ಇದು ಅರ್ಥವಾಗದ ವ್ಯಾಪಾರವೇನಲ್ಲ. ಬಯಲಿನ ನಡುವಿನ ಕಾಲುದಾರಿಯಲ್ಲಿ ನಡೆಯುತ್ತ ಅಮ್ಮ ಕೇಳಿದ್ದು ಆನೆಯ ಬಗ್ಗೆ ಅಲ್ಲ: ಮನೆ ಕಳೆದುಕೊಂಡವರಿಗೆ ಪರಿಹಾರ ಕೊಟ್ಟರೇ ಎಂದು.

ಕಡಲ್ಕೊರೆತ ಎಂಬ ಶಬ್ದವನ್ನು ನಾವು ಮಕ್ಕಳಾಗಿದ್ದಾಗಲೇ ಕಲಿತದ್ದು. ಪ್ರತಿ ಮಳೆಗಾಲ ಯಾರದ್ದೋ ತೆಂಗಿನ ಮರ, ಯಾರದ್ದೋ ಬಾವಿ, ಮತ್ತೆ ಲಾರಿಗಟ್ಟಲೆ ಕಲ್ಲು ತಂದು ಸುರಿಯುವುದು, ಮುಂದಿನ ವರ್ಷ ಆ ಕಲ್ಲೂ ಮರಳಲ್ಲಿ ಹೂತುಹೋಗುವುದು. ಕೇಪ್ ಮೇಯ ಕತೆ ಬೇರೆಯಲ್ಲ. ಅಲೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಇಲ್ಲಿ ಮರಳು ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತಿರುತ್ತದೆ. ಬಂದರಿನ ಅಳಿವೆಯಲ್ಲಿ ಹಡಗುಗಳಿಗೆ ದಾರಿ ಮಾಡಿಕೊಡಲು 1911ರ ಹೊತ್ತಿಗೆ ಎರಡು ಉದ್ದನೆಯ ಕಲ್ಲಿನ ದಂಡೆಗಳನ್ನು ಕಡಲಿನೊಳಕ್ಕೆ ಕಟ್ಟಿ ಮುಗಿಸಿದರು. ಮರಳು ದಂಡೆಯ ಉತ್ತರಕ್ಕೆ ತಡೆದು ನಿಂತಿತು. ಅಲ್ಲಿ ತೀರ ಬೆಳೆಯಿತು, ದಕ್ಷಿಣಕ್ಕಿರುವ ಈ ಊರಿನ ತೀರ ಸವೆಯಿತು. 1962ರ ಮಾರ್ಚ್‌ನಲ್ಲಿ ಮೂರು ದಿನ ಕದಲದೆ ನಿಂತ ಚಂಡಮಾರುತ ಐದು ಉಬ್ಬರಗಳ ಕಾಲ ನೀರನ್ನು ಊರಿಗೆ ನೂಕಿ, ಬೋರ್ಡ್‌ವಾಕ್ ಎಂಬ ಮರದ ನಡೆದಾರಿಯನ್ನು ಚೂರುಚೂರು ಮಾಡಿತು. ಈಗ ಜನ ವಾಯುವಿಹಾರ ಮಾಡುವುದು ಡಾಂಬರು ಹಾಕಿದ ತಡೆಗೋಡೆಯ ನೆತ್ತಿಯ ಮೇಲೆ. 1991ರಿಂದ ಸೈನ್ಯದ ಎಂಜಿನಿಯರುಗಳು ಕಡಲ ತಳದ ಮರಳನ್ನು ಪಂಪು ಮಾಡಿ ಕೆಲವು ವರ್ಷಕ್ಕೊಮ್ಮೆ ತೀರಕ್ಕೆ ತುಂಬುತ್ತಾರೆ. ಬೇಸಿಗೆಯ ಜನ ಟವೆಲು ಹಾಸಿ ಮಲಗುವ ಮರಳು ಹಾಗೆ ತಂದು ಹಾಕಿದ್ದು. ಗುಂಪು ತುಂಬಿದಾಗ ಇದು ಕಣ್ಣಿಗೆ ಬೀಳುವುದಿಲ್ಲ. ಖಾಲಿ ತೀರದಲ್ಲಿ ಚಳಿಗಾಲದ ಅಲೆ ಕಡಿದು ನಿಲ್ಲಿಸಿದ ಮೊಣಕಾಲೆತ್ತರದ ಮರಳ ಗೋಡೆಯೇ ಎದುರಿಗಿರುತ್ತದೆ.

ಮುಂದಿನದು ದೀಪಸ್ತಂಭ. 1859ರಲ್ಲಿ ಕಟ್ಟಿದ್ದು, 157 ಅಡಿ ಎತ್ತರ, 199 ಮೆಟ್ಟಿಲು. ವಾರದ ನಡುವಿನ ಚಳಿಗಾಲದ ದಿನವಾದ್ದರಿಂದ ಬಾಗಿಲಿಗೆ ಬೀಗ. ನನಗೆ ಬೇಸರವಾಯಿತು, ಅಮ್ಮನ ಮೊಣಕಾಲಿಗೆ ಸಂತೋಷವಾಯಿತು. ಇದು ಮೂರನೆಯ ದೀಪಸ್ತಂಭ. 1823ರಲ್ಲಿ ಕಟ್ಟಿದ ಮೊದಲನೆಯದರ ಜಾಗವೂ 1847ರ ಎರಡನೆಯದರ ಜಾಗವೂ ಈಗ ನೀರಿನಡಿಯಲ್ಲಿವೆ. ಅಲ್ಲಿಂದ ನಡೆದು ತೀರಕ್ಕೆ ಇಳಿದರೆ ಕಾಂಕ್ರೀಟಿನ ದೊಡ್ಡ ಬಂಕರ್ ಸಿಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮೆರೀನುಗಳು ಡೆಲವೇರ್ ಕೊಲ್ಲಿಯ ಬಾಯಿಗೆ ಬಾರದಂತೆ ಕಾಯಲು 1942ರಲ್ಲಿ ಕಟ್ಟಿದ ಇದು ಆಗ ನೀರಿನಿಂದ 900 ಅಡಿ ಒಳಗಿತ್ತು. ಮೇಲೆ ಮಣ್ಣು ಹುಲ್ಲು ಮುಚ್ಚಿ ಗುಡ್ಡವೆನ್ನುವಂತೆ ಕಾಣಿಸಿದ್ದರು. ಬಂಕರ್ ಕದಲಲಿಲ್ಲ, ಕಡಲೇ ನಡೆದು ಬಂತು. ಒಂದು ಕಾಲದಲ್ಲಿ ಅಲೆಗಳು ಇದರ ಕಂಬಗಳ ನಡುವೆ ನುಗ್ಗುತ್ತಿದ್ದವು. ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿಗೂ ಮರಳು ತುಂಬಿದ ಮೇಲೆ ಮತ್ತೆ ಒಣನೆಲದಲ್ಲಿ ನಿಂತಿದೆ. ಗಾಳಿ ಮರೆಯಾಗುತ್ತಿದ್ದ ಅದರ ಗೋಡೆಗೆ ಒರಗಿ, ಡಬ್ಬಿಯಲ್ಲಿದ್ದ ಅವಲಕ್ಕಿ ತಿಂದೆವು. ಹೊರಗಡೆ ಕಡಲಿನ ಮೇಲೆ ಗ್ಯಾನೆಟ್ ಎಂಬ ದೊಡ್ಡ ಬಿಳಿ ಹಕ್ಕಿಗಳು ಮೇಲಿನಿಂದ ರೆಕ್ಕೆ ಮಡಿಚಿ ಈಟಿಯಂತೆ ನೀರಿಗೆ ಬೀಳುತ್ತಿದ್ದವು. ಪ್ರತಿ ಸಲವೂ ಅಮ್ಮ “ಸಿಕ್ತ್” ಅಥವಾ “ಇಲ್ಲ” ಎನ್ನುತ್ತಿದ್ದಳು. ನನಗೆ ವ್ಯತ್ಯಾಸ ಗೊತ್ತಾಗಲೇ ಇಲ್ಲ.

ನಾಲ್ಕೂವರೆಗೆ ರಸ್ತೆ ಮುಗಿಯುವ ಸನ್‌ಸೆಟ್ ಬೀಚ್ ತಲುಪಿದೆವು. ಇದು ಕೊಲ್ಲಿಯ ಕಡೆಯ ತೀರ. ಇಲ್ಲಿ ಮರಳಿಗಿಂತ ಬೆಣಚುಕಲ್ಲು ಹೆಚ್ಚು. ಡೆಲವೇರ್ ನದಿ ತನ್ನ ಮೇಲ್ಭಾಗದಿಂದ ಸಾವಿರಾರು ವರ್ಷ ಉರುಳಿಸಿ ತಂದು ಹಾಕಿದ ಈ ಕಲ್ಲುಗಳಿಗೆ ಇಲ್ಲಿಯವರು ‘ಕೇಪ್ ಮೇ ವಜ್ರ’ ಎನ್ನುತ್ತಾರೆ. ಹೊಳಪು ಕೊಟ್ಟು ಆಭರಣ ಮಾಡಿ ಮಾರುವುದೂ ಉಂಟು. ಅಮ್ಮ ಕುಕ್ಕರಗಾಲಲ್ಲಿ ಕುಳಿತು ಹೆಕ್ಕತೊಡಗಿದಳು. ಒದ್ದೆಯಿದ್ದಾಗ ಕಲ್ಲುಸಕ್ಕರೆಯಂತೆ ತಿಳಿಯಾಗಿ ಕಾಣುವ ಕಲ್ಲು ಅಂಗೈಯಲ್ಲಿ ಒಣಗುತ್ತಿದ್ದಂತೆ ಮಂಜು ಮಂಜಾಗುತ್ತದೆ. ಅವಳು ಒಂದೊಂದನ್ನೂ ನಾಲಗೆಯ ತುದಿಗೆ ತಾಗಿಸಿ, ಬೆಳಕಿಗೆ ಹಿಡಿದು, ಬೇಡವಾದದ್ದನ್ನು ಕಡಲಿಗೇ ಎಸೆದಳು. ಅರ್ಧ ಗಂಟೆಯಲ್ಲಿ ಒಪ್ಪಿಗೆಯಾದದ್ದು ಏಳು.

ದಡದಿಂದ ಸ್ವಲ್ಪ ದೂರದಲ್ಲಿ, ಇಳಿತದ ನೀರಿನಲ್ಲಿ, ತುಕ್ಕು ಹಿಡಿದ ಕಂಬಿಯೊಂದಿಗೆ ಕಪ್ಪಗೆ ಏನೋ ಒಂದು ತಲೆಯೆತ್ತಿ ಮುಳುಗುತ್ತಿತ್ತು. ಅದು ಅಟ್ಲಾಂಟಸ್, ಕಾಂಕ್ರೀಟಿನ ಹಡಗು. ಮೊದಲನೆಯ ಮಹಾಯುದ್ಧದಲ್ಲಿ ಉಕ್ಕಿನ ಅಭಾವವಾದಾಗ ಅಮೆರಿಕ ಕಾಂಕ್ರೀಟಿನಿಂದ ಹಡಗು ಕಟ್ಟುವ ಪ್ರಯೋಗಕ್ಕಿಳಿಯಿತು. 1918ರ ಡಿಸೆಂಬರ್‌ನಲ್ಲಿ ಇದು ನೀರಿಗಿಳಿಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಇಲ್ಲಿಂದ ಡೆಲವೇರ್‌ಗೆ ಫೆರಿ ಆರಂಭಿಸುವ ಯೋಜನೆಯೊಂದರಲ್ಲಿ, ಈ ಹಳೆಯ ಹಡಗನ್ನು ಹೂತು ಫೆರಿ ನಿಲ್ಲುವ ಧಕ್ಕೆಯಾಗಿ ಬಳಸೋಣವೆಂದು ಎಳೆದು ತಂದರು. 1926ರ ಜೂನ್ 8ರ ಬಿರುಗಾಳಿಯಲ್ಲಿ ಹಗ್ಗ ಕಿತ್ತುಕೊಂಡು ಬಂದು ಇಲ್ಲಿ ಕೂತದ್ದು ಮತ್ತೆ ಏಳಲಿಲ್ಲ. ಫೆರಿ ಶುರುವಾಗಲು 1964ರ ಜುಲೈವರೆಗೆ ಕಾಯಬೇಕಾಯಿತು. ನಾವು ನೋಡುತ್ತಿದ್ದಂತೆಯೇ ಆ ಫೆರಿ, ಲೂಯಿಸ್ ಎಂಬ ಊರಿಗೆ 17 ಮೈಲಿಯ ದಾರಿಯನ್ನು 85 ನಿಮಿಷದಲ್ಲಿ ಕ್ರಮಿಸುವ ಬಿಳಿಯ ಹಡಗು, ದೀಪ ಹೊತ್ತಿಸಿಕೊಂಡು ಕಾಂಕ್ರೀಟ್ ತುಂಡಿನ ಹಿಂದಿನಿಂದ ಹಾದುಹೋಯಿತು. ಎಷ್ಟು ಜನ ಇರಬಹುದು ಎಂದು ಎಣಿಸಲು ನೋಡಿದೆವು. ಹೊರಗೆ ಒಬ್ಬರೂ ನಿಂತಿರಲಿಲ್ಲ.

ಐದು ಗಂಟೆ ದಾಟುತ್ತಲೇ ಸೂರ್ಯ ಕೊಲ್ಲಿಯ ನೀರಿಗೆ ಇಳಿದ. ಈ ದೃಶ್ಯ ಅಮ್ಮನಿಗೆ ಹೊಸದಲ್ಲ. ಅವಳು ಕಲ್ಲು ಹೆಕ್ಕುವುದನ್ನೂ ನಿಲ್ಲಿಸಲಿಲ್ಲ. ನಾನೇ ಕೈ ಜೇಬಿನಲ್ಲಿಟ್ಟುಕೊಂಡು ಕೊನೆಯವರೆಗೆ ನೋಡಿದೆ.

ರಾತ್ರಿಯ ಊಟಕ್ಕೆ ಹುಡುಕಾಟವಾಯಿತು. ನಾನು ಬರೆದುಕೊಂಡು ಬಂದಿದ್ದ ಐದು ಹೋಟೆಲುಗಳಲ್ಲಿ ನಾಲ್ಕು ಮುಚ್ಚಿದ್ದವು. ಒಂದರ ಗಾಜಿನ ಮೇಲೆ ಕೈಬರಹದಲ್ಲಿ ‘ನಾವೂ ರಜೆಯಲ್ಲಿದ್ದೇವೆ, ಏಪ್ರಿಲ್‌ನಲ್ಲಿ ಸಿಗೋಣ’ ಎಂದಿತ್ತು. ಚಳಿಗಾಲದಲ್ಲಿ ಇಲ್ಲಿಗೆ ಬರುವವರು ಹೊಟ್ಟೆಯ ವ್ಯವಸ್ಥೆಯನ್ನು ತಾವೇ ಮಾಡಿಕೊಂಡು ಬರುವುದು ಒಳ್ಳೆಯದು. ತೆರೆದಿದ್ದ ಐದನೆಯದರಲ್ಲಿ ಸ್ಥಳೀಯರು ತುಂಬಿದ್ದರು, ಎಲ್ಲರಿಗೂ ಎಲ್ಲರ ಗುರುತು. ಬಡಿಸುವಾಕೆ ಅಮ್ಮನ ಸೀರೆಯ ಮೇಲಿನ ದಪ್ಪ ಕೋಟನ್ನು ನೋಡಿ, ಕೇಳದೆಯೇ ಬೆಂಕಿಯ ಹತ್ತಿರದ ಮೇಜು ಕೊಟ್ಟಳು. ಇಲ್ಲಿನ ಬಂದರಿನ ಹೆಸರುವಾಸಿ ಬೆಳೆ ಸ್ಕ್ಯಾಲಪ್ ಎಂಬ ಚಿಪ್ಪುಮೀನು. ಬೆಣ್ಣೆಯಲ್ಲಿ ಹುರಿದ ನಾಲ್ಕು ಬಿಳಿಯ ಬಿಲ್ಲೆಗಳು ತಟ್ಟೆಯಲ್ಲಿ ಬಂದವು. ಅಮ್ಮ ಒಂದನ್ನು ಅರ್ಧ ಮಾಡಿ ತಿಂದು, ಮರುವಾಯಿಯ ಜಾತಿಯೇ, ಆದರೆ ತೆಂಗಿನಕಾಯಿ ಇಲ್ಲದೆ ಪಾಪ ಬೆತ್ತಲೆಯಾಗಿದೆ ಎಂದಳು. ಉಳಿದ ಮೂರೂವರೆಯನ್ನು ಬಿಡಲಿಲ್ಲ.

ನಾಲ್ಕನೆಯ ದಿನ, ಗುರುವಾರ

ಬೆಳಿಗ್ಗೆ ಸೂರ್ಯ ಕಾಣಲಿಲ್ಲ. ಆಕಾಶ ಮತ್ತು ಕಡಲು ಒಂದೇ ಬೂದಿ ಬಣ್ಣಕ್ಕೆ ತಿರುಗಿ, ಒಂಬತ್ತರ ಹೊತ್ತಿಗೆ ಹಿಮ ಉದುರತೊಡಗಿತು. ಮರಳಿನ ಮೇಲೆ ಹಿಮ ಬೀಳುವುದನ್ನು ನಾನೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಣಮರಳಿನ ಮೇಲೆ ಅದು ನಿಲ್ಲುತ್ತದೆ, ಅಲೆ ತಾಗುವ ಗೆರೆಯಿಂದ ಕೆಳಗೆ ಬಿದ್ದ ಕೂಡಲೇ ಮಾಯವಾಗುತ್ತದೆ. ಹೀಗಾಗಿ ಉಬ್ಬರ ಎಲ್ಲಿಯವರೆಗೆ ಬಂದಿತ್ತು ಎಂಬುದು ಸುಣ್ಣದಲ್ಲಿ ಎಳೆದಂತೆ ತೀರದುದ್ದಕ್ಕೂ ಕಾಣುತ್ತಿತ್ತು.

ಕೋಣೆಯ ಲೆಕ್ಕ ಚುಕ್ತಾ ಮಾಡುವಾಗ ಕಚೇರಿಯಾಕೆ ಕೆಟ್ಟುಹೋದ ಹೀಟರಿನ ರಾತ್ರಿಯ ಬಾಡಿಗೆಯನ್ನು ತಾನಾಗಿಯೇ ಬಿಟ್ಟಳು. ಹೊರಡುವ ಮುಂಚೆ ಬಂದರಿನ ಕಡೆಗೊಂದು ಸುತ್ತು ಹಾಕಿದೆವು. ಊರಿನ ಈ ಒಂದು ಮೂಲೆಗೆ ಮಾತ್ರ ರಜೆಯಿರಲಿಲ್ಲ. ಸ್ಕ್ಯಾಲಪ್ ಹಿಡಿಯುವ ದೊಡ್ಡ ದೋಣಿಗಳು ಹಗ್ಗ ಜಗ್ಗುತ್ತ ನಿಂತಿದ್ದವು. ಒಂದರ ಮೇಲೆ ಕಿತ್ತಳೆ ಬಣ್ಣದ ರಬ್ಬರು ಉಡುಪಿನ ಇಬ್ಬರು ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಬಲೆಯನ್ನು ಸುತ್ತಿಗೆಯಿಂದ ಸರಿಪಡಿಸುತ್ತಿದ್ದರು. ಕಡಲ ತಳವನ್ನು ಗೋರುವ ಬಲೆಯಾದ್ದರಿಂದ ನೂಲು ಸಾಲದು ಎಂದು ಅಮ್ಮನಿಗೆ ವಿವರಿಸಲು ಹೋದೆ; ಅವಳಿಗೆ ನೋಡಿದ ಕೂಡಲೇ ತಿಳಿದಿತ್ತು. ಕಾರಿನ ಗಾಜಿನೊಳಗಿಂದಲೇ ಆ ಇಬ್ಬರಲ್ಲಿ ಯಾರು ಹೊಸಬ, ಯಾರು ಕೆಲಸ ಗೊತ್ತಿದ್ದವ ಎಂದೂ ಹೇಳಿದಳು.

1942ರಲ್ಲಿ ಸಬ್‌ಮೆರೀನುಗಳಿಗೆ ಹೆದರಿ ಬಂದರಿನಿಂದ ಕೊಲ್ಲಿಗೆ ತೋಡಿದ ಕಾಲುವೆಯ ಸೇತುವೆ ದಾಟಿದರೆ ಪಾರ್ಕ್‌ವೇ. ಹಿಮದಲ್ಲಿ ನಿಧಾನವಾಗಿ ಕಾರು ಓಡಿಸುತ್ತಿದ್ದೆ. ಈ ಸಲ ಅಂಕಿಗಳು ಏರುತ್ತ ಹೋಗುತ್ತಿದ್ದವು, ಅಮ್ಮ ಎಣಿಸಲಿಲ್ಲ. ಕೋಟಿನ ಜೇಬಿನಿಂದ ಏಳು ಕಲ್ಲುಗಳನ್ನು ತೆಗೆದು ಮಡಿಲಿನ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಳು. ಎರಡು ಮೊಮ್ಮಕ್ಕಳಿಗೆ, ಒಂದು ನೆರೆಮನೆಯವಳಿಗೆ, ಹೀಗೆ ಹಂಚಿಕೆ ನಡೆಯುತ್ತಿತ್ತು. ನಲವತ್ತರ ಎಕ್ಸಿಟ್ ದಾಟಿದ ಮೇಲೆ ಒಮ್ಮೆಲೇ ಗಾಬರಿಯಾಗಿ ನನ್ನ ಕಡೆ ತಿರುಗಿದಳು.

“ಮಗಾ, ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇದೆಂತದ್ದ್ ಅಂತ ಕೇಂಡ್ರೆ ಬೆಣಚುಕಲ್ಲು ಅಂತಲೇ ಹೇಳುದಲ್ದಾ? ವಜ್ರ ಅಂದ್ರೆ ಸುಂಕ ಹಾಕ್ತ್ರ್.”